ಕ್ಲಿಕ್ ತ್ರೀ ಮೇಲಿನ ಕುಂಕುಮ

"ಈ ಕೆಂಪು ಕಲೆ ಏನು? ಒರೆಸಿ ಕೊಡಲಾ?" ಅಂತ ಕೇಳುತ್ತಲೇ ಆ ಹಿರಿಯರು ಹತ್ತಿ ಸುತ್ತಿದ ಕಡ್ಡಿಯನ್ನು ಕೈಗೆ ತೆಗೆದುಕೊಂಡರು. ನಾನು ಕ್ಯಾಮೆರಾವನ್ನು ಹೆಚ್ಚೂಕಡಿಮೆ ಕಸಿದುಕೊಂಡೆ. ಸುತ್ತಲಿದ್ದವರೆಲ್ಲ ನನ್ನನ್ನೇ ನೋಡಿದರು. ಎಷ್ಟು ವರ್ಷದ ಆಯುಧಪೂಜೆಯ ಕುಂಕುಮವೋ ಅದು. ಜರ್ಮನ್ ಭಾಷೆಯಲ್ಲಿ ಇದನ್ನು ಹೇಗಪ್ಪಾ ಹೇಳೋದು? "ಇರಲಿ ಬಿಡಿ" ಅಂದೆ, ಅಷ್ಟೆ.

ಮ್ಯೂನಿಕ್‌ನಲ್ಲಿ ಹಳೇ ಕ್ಯಾಮೆರಾ ಕೂಡಿಡುವವರ ಸಂಘವೊಂದಕ್ಕೆ ಮೊದಲ ಸಲ ಹೋಗಿದ್ದೆ. ಸಂಘ ಅಂದರೆ ಟೀ ಕುಡಿದು ಎದ್ದುಬರುವ ಗುಂಪಲ್ಲ. ಜರ್ಮನಿಯಲ್ಲಿ ಸಂಘ ನೋಂದಾಯಿಸಬೇಕಾದರೆ ಕಾನೂನಿನ ಪ್ರಕಾರ 7 ಜನ ಸದಸ್ಯರಾದರೂ ಇರಬೇಕು, ಬರೆದಿಟ್ಟ ನಿಯಮಗಳಿರಬೇಕು. ಇವರಲ್ಲಿ ಹಿಂದಿನ ಸಭೆಯ ನಡಾವಳಿ ಓದಿ ಮುಗಿಸಿದ ಮೇಲೇ ಕ್ಯಾಮೆರಾ ಚೀಲದಿಂದ ಆಚೆ ಬರುವುದು. ನನಗೆ ಆಕಳಿಕೆ ಬಂತು ಅಂತ ಒಪ್ಪಿಕೊಳ್ಳುತ್ತೇನೆ.

ಆದರೆ ಆಮೇಲೆ ನೋಡಬೇಕಿತ್ತು. ಒಬ್ಬರು ಕಿನೆ ಎಕ್ಸಾಕ್ಟಾ ಅನ್ನುವ ಕ್ಯಾಮೆರಾ ತಂದಿದ್ದರು. 1936ರಲ್ಲಿ ಡ್ರೆಸ್ಡೆನ್‌ನಲ್ಲಿ ಬಂದ ಮಾದರಿ, ಒತ್ತುವ ಗುಂಡಿಯೂ ರೀಲು ಸುತ್ತುವ ಕಡ್ಡಿಯೂ ಎಡಗೈ ಕಡೆ. ಮೇಲಿನ ಭೂತಗನ್ನಡಿ ದುಂಡಗಿದ್ದರೆ ಮೊದಮೊದಲಿನದು, ಚೌಕವಾಗಿದ್ದರೆ ಆಮೇಲಿನದು. ಇದರ ಮೇಲೇ ಅರ್ಧ ಗಂಟೆ ವಾದ ನಡೆಯಿತು. ವಾದ ಮಾಡುತ್ತಲೇ ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಯಾರೂ "ಹುಷಾರು" ಅನ್ನಲಿಲ್ಲ. ಒಬ್ಬೊಬ್ಬರೂ ಬಾಗಿಲು ತೆಗೆದರು, ಸುತ್ತಿದರು, ಒತ್ತಿದರು, ಕಿವಿಗಿಟ್ಟು ಶಟರ್ ಸದ್ದು ಕೇಳಿದರು. ಒಂದು ಸೆಕೆಂಡಿನ ವೇಗಕ್ಕಿಟ್ಟರೆ ಒಳಗಿನ ಹಲ್ಲುಚಕ್ರ ಗುಂಯ್ ಅನ್ನಬೇಕು, ನಡುವೆ ಉಸಿರುಕಟ್ಟಬಾರದು. ಕಟ್ಟಿದರೆ ಒಳಗಿನ ಗ್ರೀಸು ಗಟ್ಟಿಯಾಗಿದೆ ಅಂತ. ಹಾಗಾಗದಿರಲಿ ಅಂತ ಇವರೆಲ್ಲ ತಿಂಗಳಿಗೊಮ್ಮೆ ಮನೆಯ ಎಲ್ಲ ಕ್ಯಾಮೆರಾಗಳನ್ನೂ ಸುಮ್ನೆ ಒತ್ತುತ್ತಾರಂತೆ. ರೀಲಿಲ್ಲದೆ!

ನನ್ನದು ಅಪ್ಪನ ಆಗ್ಫಾ ಕ್ಲಿಕ್ ತ್ರೀ. ಪ್ಲಾಸ್ಟಿಕ್ ಮೈ, ಬಿಸಿಲು ಮೋಡ ಅಂತ ಎರಡು ಚಿತ್ರ, ಹಿಂದುಗಡೆ ರೀಲಿನ ನಂಬರ್ ಕಾಣುವ ಕೆಂಪು ಕಿಟಕಿ. 120 ಅನ್ನುವ ಅಳತೆಯ ಒಂದು ರೀಲಿಗೆ 12 ಚೌಕ ಫೋಟೋ. ಲೈಕಾ, ರೋಲೈಫ್ಲೆಕ್ಸ್‌ನಂಥ ಹೆಸರಾಂತ ಕ್ಯಾಮೆರಾ ಇರುವ ಮೇಜಿನ ಮೇಲೆ ಇದನ್ನಿಡಲು ನಾಚಿಕೆಯಾಗಿತ್ತು. ಆದರೆ ಇದು ಬರೋಡಾದಲ್ಲಿ ತಯಾರಾದದ್ದು ಅಂದದ್ದೇ ತಡ, ಎಲ್ಲರೂ ಎದ್ದು ಬಂದರು. ಆಗ್ಫಾ ಜರ್ಮನ್ ಕಂಪನಿ, ಅದರ ಕ್ಯಾಮೆರಾ ಕಾರ್ಖಾನೆ ಇದ್ದದ್ದು ಇದೇ ಮ್ಯೂನಿಕ್‌ನ ಗೀಸಿಂಗ್‌ನಲ್ಲಿ. 1980ರ ದಶಕದ ಶುರುವಿನಲ್ಲಿ ಅದು ಮುಚ್ಚಿತು. ಪರದೇಶದಲ್ಲಿ ಹುಟ್ಟಿದ ಮೊಮ್ಮಗು ಮನೆಗೆ ಬಂದ ಹಾಗೆ ಎತ್ತಿ ಎತ್ತಿ ನೋಡಿದರು.

ಆ ಖುಷಿ ಎರಡು ನಿಮಿಷ. ಹಿರಿಯರು ಲೆನ್ಸಿಗೆ ಟಾರ್ಚ್ ಹಿಡಿದರು. ಒಳಗೆ ಜೇಡರಬಲೆಯಂಥ ಬೂಷ್ಟು. "ಎಲ್ಲಿಟ್ಟಿದ್ದಿರಿ?" ಅಂತ ಕೇಳಿದರು. ಚರ್ಮದ ಚೀಲದಲ್ಲಿ ಅಂದೆ. ಚೀಲದ ಮೇಲೊಂದು ಪಂಚೆ ತುಂಡು, ಅದರ ಮೇಲೆ ಪ್ಲಾಸ್ಟಿಕ್ ಕವರು, ಬೀರುವಿನ ಮೇಲಿನ ಖಾನೆ, ನುಸಿಗುಳಿಗೆ, ಬೀಗ. ಅವರು ತಲೆಯಾಡಿಸಿದರು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಬೂಷ್ಟಿಗೆ ಇಷ್ಟ. ಗಾಳಿ ಬೆಳಕಿನಲ್ಲಿ ಇಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲವಂತೆ. "ಇಷ್ಟು ಜೋಪಾನ ಮಾಡಿದವರು ಯಾರು?" ಅಂದರು. ನಕ್ಕೇ ಕೇಳಿದ್ದು. ನನಗೆ ಚುಚ್ಚಿತು.

ನಮ್ಮವರ ಜೋಪಾನವೇ ಹೀಗಲ್ವಾ? ಒಳ್ಳೇ ಲೋಟ ನೆಂಟರಿಗೆ, ಒಳ್ಳೇ ಸೀರೆ ಟ್ರಂಕಿಗೆ, ಹೊಸ ಸೋಫಾದ ಪ್ಲಾಸ್ಟಿಕ್ಕು ಹರಿಯುವ ತನಕ ಹಾಗೇ. ಆ ಕ್ಯಾಮೆರಾ ಮುಟ್ಟಿದ್ದಕ್ಕೆ ಬೆನ್ನಿನ ಮೇಲೆ ಬಿದ್ದ ಏಟು ನನಗಿನ್ನೂ ನೆನಪಿದೆ. ಬೇಡ ಬೇಡ ಅಂತಲೇ ಬೂಷ್ಟು ಬರಿಸಿದೆವು. ಇಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಅಜ್ಜನ ಜೊತೆ ಬಂದಿದ್ದಳು. ಅವಳ ಕೈಗೆ ಯುದ್ಧಕ್ಕೂ ಮುಂಚಿನ ಕ್ಯಾಮೆರಾ ಕೊಟ್ಟು, ಬಿಚ್ಚು ನೋಡೋಣ ಅಂದರು! ನನ್ನಪ್ಪ ನೋಡಿದ್ದರೆ ಎದೆ ಹಿಡಿದು ಕೂತುಬಿಡುತ್ತಿದ್ದರು. ವಸ್ತು ಉಳಿಸುವುದು ಇವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅವತ್ತು ರಾತ್ರಿ ಟ್ರಾಮ್‌ನಲ್ಲಿ ಇದನ್ನೇ ಹತ್ತು ಸಲ ಹೇಳಿಕೊಂಡೆ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. "ಆ ಡಬ್ಬಿ ನೋಡೋಕೆ ಅಷ್ಟೊಂದು ಜನಾನಾ?" ಅಂತ ನಕ್ಕಳು. ಅದರ ಹೆಸರು ಕ್ಲಿಕ್ ತ್ರೀ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹೇಳುತ್ತಾ ಹೋದಳು. "ನಿನ್ನ ಚೌಲದ್ದು ಅದರಲ್ಲೇ ಕಣೋ ತೆಗೆದಿದ್ದು. ಒಂದರಲ್ಲಿ ನೀನು ಅತ್ತು ಅಲ್ಲಾಡಿಬಿಟ್ಟೆ. ಇನ್ನೊಂದರಲ್ಲಿ ನಿಮ್ಮತ್ತೆ ಕಣ್ಣು ಮುಚ್ಚಿದಾಳೆ. ಅಜ್ಜಿದು ಒಂದೇ ಒಂದು, ಬಾವಿಕಟ್ಟೆ ಹತ್ರ. ಅದೇ ಈಗ ಗೋಡೆ ಮೇಲಿರೋದು." ರೀಲು ತೊಳೆಸಿ ತರಲು ಅಪ್ಪ ಎಷ್ಟು ದಿನ ಅಲೆದರು ಅನ್ನುವುದೂ ಬಂತು. ಹನ್ನೆರಡರಲ್ಲಿ ಹನ್ನೊಂದರ ಕಥೆ ಹೇಳಿದಳು. ಹನ್ನೆರಡನೆಯದು ಬರೀ ಬಿಳಿ ಬಂದಿತ್ತಂತೆ.

ಸಂಘದಲ್ಲಿ ಎರಡು ಗಂಟೆ ಕೂತಿದ್ದೆ. ಯಾವ ಕ್ಯಾಮೆರಾ ಯಾರ ಫೋಟೋ ತೆಗೆದಿತ್ತು ಅಂತ ಒಬ್ಬರೂ ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ. ಅದು ತಪ್ಪು ಅಂತಲ್ಲ. ಆದರೂ, ಹೇಳಬೇಕಲ್ಲ ಅಂತ ಹೇಳುತ್ತಿದ್ದೇನೆ. ಇನ್ನೊಂದು: ಅಲ್ಲಿದ್ದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ರಟ್ಟಿನ ಪೆಟ್ಟಿಗೆಯಾಗಲಿ ಪುಸ್ತಕವಾಗಲಿ ಉಳಿದಿರಲಿಲ್ಲ. ನನ್ನದಕ್ಕೆ ಎರಡೂ ಇತ್ತು. ಬೀಗದ ಪುಣ್ಯ.

ಹೋದ ತಿಂಗಳು ಮತ್ತೆ ಹೋದೆ. ಲೆನ್ಸ್ ಬಿಚ್ಚಿ ಒರೆಸಿಕೊಟ್ಟರು. ದುಡ್ಡು ಬೇಡ ಅಂದರು. ಸಂಘದ ಪುಸ್ತಕದಲ್ಲಿ ಕ್ಯಾಮೆರಾದ ಹೆಸರು, ಊರು, ಸ್ಥಿತಿ ಎಲ್ಲ ಬರೆದುಕೊಂಡರು. ಕೊನೆಯ ಸಾಲನ್ನು ಹಿರಿಯರು ಓದಿ ತೋರಿಸಿದರು: ಮುಂಭಾಗದಲ್ಲಿ ಕೆಂಪು ಕಲೆ, ಮಾಲೀಕರ ಕೋರಿಕೆಯಂತೆ ಒರೆಸಿಲ್ಲ.