ವಕೀಲರೊಬ್ಬರು ನ್ಯಾಯಾಧೀಶರಾಗಲು ಮತ ಕೇಳುವಾಗ

ಟ್ಯಾಂಪಾ ನಗರವನ್ನೊಳಗೊಂಡ ಫ್ಲೋರಿಡಾದ ಹಿಲ್ಸ್‌ಬರೋ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಘಟಕ) 2009ರಲ್ಲಿ ಲನೆಲ್ ವಿಲಿಯಮ್ಸ್-ಯೂಲಿ ಎಂಬ ವಕೀಲೆ ಕೌಂಟಿ ನ್ಯಾಯಾಧೀಶರ ಸ್ಥಾನಕ್ಕೆ ಸ್ಪರ್ಧಿಸಲು ನಿರ್ಧರಿಸಿ, ಮತದಾರರಿಗೆ ಒಂದು ಪತ್ರ ಬರೆದರು. ತಾವು ಸಲ್ಲಿಸಿದ ಸೇವೆಯನ್ನು ಅದರಲ್ಲಿ ಹೇಳಿಕೊಂಡು, ಪ್ರಚಾರ ಆರಂಭಿಸಲು 25 ಡಾಲರಿನಿಂದ 500 ಡಾಲರಿನವರೆಗೆ ದೇಣಿಗೆ ಕೊಡಬೇಕೆಂದು ಕೋರಿ, ಕೆಳಗೆ ಸ್ವತಃ ಸಹಿ ಹಾಕಿದ್ದರು. ನಮ್ಮ ಕಣ್ಣಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ನ್ಯಾಯಾಧೀಶ ಸ್ಥಾನದ ಅಭ್ಯರ್ಥಿ ತಾನೇ ಕೈಚಾಚಿ ಹಣ ಕೇಳಕೂಡದು ಎಂಬುದು ಫ್ಲೋರಿಡಾದ ನಿಯಮ. ಮೊದಲ ಸುತ್ತಿನ ಮತದಾನವಾದ ಪ್ರಾಥಮಿಕ ಚುನಾವಣೆಯಲ್ಲಿ ಅವರು ಹಾಲಿ ನ್ಯಾಯಾಧೀಶರೆದುರು ಸೋತರು. ಸೋತ ಮೇಲೆ ರಾಜ್ಯದ ವಕೀಲರನ್ನು ನಿಯಂತ್ರಿಸುವ ಫ್ಲೋರಿಡಾ ಬಾರ್ ಅವರ ಮೇಲೆ ಶಿಸ್ತುಕ್ರಮ ಹೂಡಿತು. ವಾಕ್ ಸ್ವಾತಂತ್ರ್ಯದ ಪ್ರಶ್ನೆಯಾಗಿ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2015ರ ಏಪ್ರಿಲ್‌ನಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಆ ನಿಯಮವೇ ಗೆದ್ದಿತು. ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್.

ಈ ರಾಜ್ಯದಲ್ಲಿ ಮತ ಹಾಕುವವನಾಗಿ ನಾನು ಆ ತೀರ್ಪನ್ನು ಒಪ್ಪುತ್ತೇನೆ. ಆದರೂ ಅದು ಕಾಯಿಲೆಯ ಬುಡಕ್ಕೆ ಹೋಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹತ್ತಿಪ್ಪತ್ತು ವರ್ಷ ಅದೇ ಕೋರ್ಟಿನ ಮೆಟ್ಟಿಲು ಸವೆಸಿದ ಸ್ಥಳೀಯ ವಕೀಲರೊಬ್ಬರು ನ್ಯಾಯಾಧೀಶರಾಗಲು ನಿಂತಾಗ, ಅವರ ಯೋಗ್ಯತೆಯನ್ನು ನಿಜವಾಗಿ ಬಲ್ಲವರು ಊರಿನ ಇತರ ವಕೀಲರು. ಪ್ರಚಾರಕ್ಕೆ ಹಣ ಕೊಡುವವರಲ್ಲಿಯೂ ಅವರೇ ಮುಂದು. ಗೆದ್ದ ಮೇಲೆ ಅದೇ ನ್ಯಾಯಾಧೀಶರ ಮುಂದೆ ನಿಂತು ವಾದ ಮಾಡುವವರೂ ಅವರೇ. ಬಲ್ಲವರಿಗೆಲ್ಲ ಸ್ವಾರ್ಥವಿರುವ, ಸ್ವಾರ್ಥವಿಲ್ಲದವರಿಗೆ ಏನೂ ಗೊತ್ತಿರದ ಇಂಥ ಚುನಾವಣೆ ಬೇರೊಂದಿರಲಾರದು.

ಅಮೆರಿಕದ ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪುತ್ತದೆ. ಜನರಿಗೆ ಅಲ್ಲಿ ಮತವಿಲ್ಲ. ರಾಜ್ಯಗಳ ದಾರಿ ಬೇರೆ. 1832ರಲ್ಲಿ ಮಿಸಿಸಿಪಿ ತನ್ನ ಎಲ್ಲ ನ್ಯಾಯಾಧೀಶರನ್ನೂ ಚುನಾವಣೆಗೆ ಒಡ್ಡಿತು, ಬಳಿಕ ಅನೇಕ ರಾಜ್ಯಗಳು ಅದನ್ನೇ ಹಿಡಿದವು. ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಭ್ರಷ್ಟಾಚಾರದ ಹಗರಣಗಳಿಂದಾಗಿ ರಾಜ್ಯ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ರಾಜೀನಾಮೆ ಕೊಡಬೇಕಾಯಿತು. ಆಗ ಮೇಲ್ಮನವಿ ನ್ಯಾಯಾಲಯಗಳ ಚುನಾವಣೆ ನಿಂತು, ಸಮಿತಿಯೊಂದು ಸೂಚಿಸಿದ ಹೆಸರುಗಳಿಂದ ಗವರ್ನರ್ ಆರಿಸುವ ಪದ್ಧತಿ ಬಂತು. ವಿಚಾರಣಾ ನ್ಯಾಯಾಲಯಗಳಲ್ಲಿ ಮಾತ್ರ ಚುನಾವಣೆ ಉಳಿಯಿತು. ಅದನ್ನೂ ಬಿಡುತ್ತೀರಾ ಎಂದು 2000ನೇ ಇಸವಿಯಲ್ಲಿ ಪ್ರತಿ ಕೌಂಟಿಯ, ಸರ್ಕ್ಯೂಟ್ ಎಂಬ ಪ್ರತಿ ನ್ಯಾಯಾಲಯ ವಲಯದ ಮತದಾರರನ್ನು ಕೇಳಲಾಯಿತು. ಒಂದೇ ಒಂದು ಕಡೆಯೂ ಜನ ಒಪ್ಪಲಿಲ್ಲ. ತಮ್ಮ ಕೈಯಲ್ಲಿರುವ ಮತವನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ! ಆದರೆ ಉಳಿಸಿಕೊಂಡ ಆ ಮತವನ್ನು ಹೇಗೆ ಬಳಸುತ್ತೇವೆ ಎಂದು ಕೇಳಿದರೆ ಬಹಳಷ್ಟು ಮಂದಿಯ ಬಳಿ ಉತ್ತರವಿರುವುದಿಲ್ಲ.

ಕೌಂಟಿ ಕೋರ್ಟು ಚಿಕ್ಕ ಕೋರ್ಟು, ಅಲ್ಲಿ ಯಾರು ಕುಳಿತರೇನು ಎನ್ನುವವರಿದ್ದಾರೆ. ಸಣ್ಣ ಅಪರಾಧಗಳು, 50,000 ಡಾಲರಿನವರೆಗಿನ ಸಿವಿಲ್ ದಾವೆಗಳು, ಮನೆ ಖಾಲಿ ಮಾಡಿಸುವ ಪ್ರಕರಣಗಳು ಬರುವುದು ಅಲ್ಲಿಗೇ. ಬಾಡಿಗೆದಾರನ ಪ್ರಕರಣವೊಂದನ್ನೇ ನೋಡಿ. ಬಾಡಿಗೆ ನಿಂತರೆ ಮಾಲೀಕ ಮೂರು ದಿನದ ನೋಟಿಸ್ ಕೊಡುತ್ತಾನೆ. ಆಗಲೂ ಹಣ ಬರದಿದ್ದರೆ ದಾವೆ ಹೂಡುತ್ತಾನೆ. ಸಮನ್ಸ್ ಮುಟ್ಟಿದ ಮೇಲೆ ಉತ್ತರ ಕೊಡಲು, ರಜಾದಿನಗಳನ್ನು ಬಿಟ್ಟು, ಇರುವುದು ಐದೇ ದಿನ. ಉತ್ತರ ಕೊಟ್ಟರೂ ಸಾಲದು, ಬಾಕಿ ಇದೆಯೆನ್ನಲಾದ ಬಾಡಿಗೆಯನ್ನು ಕೋರ್ಟಿನಲ್ಲಿ ಠೇವಣಿ ಇಡಬೇಕು, ಇಲ್ಲವೇ ಆ ಮೊತ್ತವನ್ನು ಕೋರ್ಟೇ ನಿರ್ಧರಿಸಲಿ ಎಂದು ಅರ್ಜಿ ಹಾಕಬೇಕು. ಎರಡನ್ನೂ ಮಾಡದವನಿಗೆ, ಬಾಡಿಗೆ ಕೊಟ್ಟಾಗಿದೆ ಎಂಬ ಒಂದು ವಾದದ ಹೊರತು, ತನ್ನ ಪರವಾಗಿ ಹೇಳಿಕೊಳ್ಳಲು ಕಾನೂನು ಬೇರೇನನ್ನೂ ಉಳಿಸುವುದಿಲ್ಲ. ಬೂಷ್ಟು ಹಿಡಿದ ಗೋಡೆಯ ಚಿತ್ರಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು, ವಕೀಲರಿಲ್ಲದೆ, ಕೆಲಸಕ್ಕೆ ರಜೆ ಹಾಕಿ ಬಂದು ನಿಂತವನಿಗೆ ಈ ಮಾತನ್ನು ಹೇಳಬೇಕಾದವರು ನ್ಯಾಯಾಧೀಶರು. ತೀರ್ಪು ಬಹುಮಟ್ಟಿಗೆ ಮೊದಲೇ ನಿಶ್ಚಯವಾಗಿರುತ್ತದೆ. ಆದರೂ ಅವನ ಕಡತವನ್ನು ಪೂರ್ತಿ ತಿರುವಿ, ಮಾಲೀಕನ ನೋಟಿಸಿನಲ್ಲಿ ದಿನಗಳ ಎಣಿಕೆ ಸರಿಯಿದೆಯೇ ಎಂದು ನೋಡಿ, ಅನಂತರ ಕಾರಣವನ್ನು ಅರ್ಥವಾಗುವ ಮಾತಿನಲ್ಲಿ ತಿಳಿಸುವವರಿಗೂ, ತಲೆ ಎತ್ತದೆ ಆದೇಶಕ್ಕೆ ಸಹಿ ಹಾಕುವವರಿಗೂ ಇರುವ ಅಂತರ ದೊಡ್ಡದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಕಡೆಯ ಗಾದೆ ಎಷ್ಟರಮಟ್ಟಿಗೆ ನಿಜವಾಗುತ್ತದೆ ಎಂಬುದು ಇಂಥ ಚಿಕ್ಕ ಕೋರ್ಟುಗಳಲ್ಲಿ ಕುಳಿತವರ ಮೇಲೆಯೇ ನಿಂತಿದೆ.

ಅದಕ್ಕಾಗಿಯೇ ಸ್ಥಳೀಯ ಅನುಭವಕ್ಕೆ ನಾನು ಬೆಲೆ ಕೊಡುತ್ತೇನೆ. ಕಾನೂನು ಹೇಳುವ ಕನಿಷ್ಠ ಅರ್ಹತೆ ಬಹಳ ಕಡಿಮೆ: ತೀರಾ ಚಿಕ್ಕ ಕೌಂಟಿಗಳನ್ನು ಬಿಟ್ಟರೆ, ಐದು ವರ್ಷ ಫ್ಲೋರಿಡಾ ಬಾರ್‌ನ ಸದಸ್ಯರಾಗಿದ್ದರೆ ಸಾಕು. ಆ ಐದು ವರ್ಷಗಳಲ್ಲಿ ಒಮ್ಮೆಯೂ ಸಾಕ್ಷಿಯನ್ನು ಪಾಟೀಸವಾಲು ಮಾಡದವರೂ ನಿಲ್ಲಬಹುದು. ರಸ್ತೆಯ ಮೂಲೆಗಳಲ್ಲಿ ನೆಟ್ಟ ಫಲಕಗಳ ಮೇಲೆ ದಪ್ಪ ಅಕ್ಷರದಲ್ಲಿರುವ ‘ಇಪ್ಪತ್ತು ವರ್ಷಗಳ ಅನುಭವ’ವೂ ನನಗೆ ಹೆಚ್ಚೇನನ್ನೂ ಹೇಳುವುದಿಲ್ಲ. ಇಪ್ಪತ್ತು ವರ್ಷವೂ ವಿಮಾ ಕಂಪನಿಗಳ ಪರವಾಗಿಯೇ ನಿಂತವರು, ಇಪ್ಪತ್ತು ವರ್ಷವೂ ಪ್ರಾಸಿಕ್ಯೂಷನ್ ಮೇಜಿನ ಹಿಂದೆಯೇ ಕುಳಿತವರು ಅನುಭವಿಗಳೇ ಹೌದು, ಆದರೆ ಕೋರ್ಟನ್ನು ಒಂದೇ ಕಿಟಕಿಯಿಂದ ನೋಡಿದವರು. ಕೆಲವು ಕಾಲ ಸರ್ಕಾರದ ಪರವಾಗಿ, ಕೆಲವು ಕಾಲ ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲ, ಅಂದರೆ ಪಬ್ಲಿಕ್ ಡಿಫೆಂಡರ್ ಆಗಿ, ಆಮೇಲೆ ಸ್ವಂತ ಕಚೇರಿಯಿಟ್ಟು ಫೀಜು ಕೊಡಲು ಪರದಾಡುವ ಕಕ್ಷಿದಾರರ ಜೊತೆ ಹೆಣಗಿದವರಿದ್ದರೆ ನನ್ನ ಮತ ಅವರ ಕಡೆಗೆ ವಾಲುತ್ತದೆ.

ಇದನ್ನು ಅಭ್ಯರ್ಥಿಯ ಬಾಯಿಂದಲೇ ಕೇಳಿ ತಿಳಿಯೋಣವೆಂದರೆ ಅವರ ಬಾಯಿ ಅರ್ಧ ಕಟ್ಟಿರುತ್ತದೆ. ಮುಂದೆ ತಮ್ಮೆದುರು ಬರಬಹುದಾದ ಪ್ರಕರಣಗಳಲ್ಲಿ ಹೀಗೆಯೇ ಮಾಡುತ್ತೇನೆಂದು ಅವರು ಮಾತು ಕೊಡುವಂತಿಲ್ಲ. ಮತಪತ್ರದಲ್ಲಿ ಹೆಸರಿನ ಪಕ್ಕ ಪಕ್ಷದ ಗುರುತೂ ಇರುವುದಿಲ್ಲ. ಈ ಎರಡೂ ನಿರ್ಬಂಧಗಳು ಸರಿಯೆಂದೇ ನನ್ನ ಎಣಿಕೆ, ಏಕೆಂದರೆ ಶಿಕ್ಷೆಯ ಪ್ರಮಾಣವನ್ನು ಮೊದಲೇ ಘೋಷಿಸಿ ಗೆದ್ದವರ ಮುಂದೆ ವಿಚಾರಣೆಗೆ ನಿಲ್ಲುವ ಆರೋಪಿಗೆ ವಿಚಾರಣೆಯೆಂಬುದು ಹೆಸರಿಗಷ್ಟೇ ಉಳಿಯುತ್ತದೆ. ಆದರೆ ಇದರ ಫಲವಾಗಿ ಮತದಾರನ ಕೈಯಲ್ಲಿ ಉಳಿಯುವುದು ಒಂದು ಹೆಸರು, ಒಂದು ಭಾವಚಿತ್ರ, ಕುಟುಂಬದ ನಾಲ್ಕು ಮಾತು. ಪರಿಚಿತ ಮನೆತನದ ಹೆಸರಿದ್ದವರಿಗೆ ಅಲ್ಲಿಯೇ ಅರ್ಧ ಗೆಲುವು.

ಹಣದ ವಿಚಾರಕ್ಕೆ ಮತ್ತೆ ಬರುತ್ತೇನೆ. ಅಭ್ಯರ್ಥಿ ಕೇಳುವಂತಿಲ್ಲ, ಆದರೆ ಅವರ ಪ್ರಚಾರ ಸಮಿತಿ ಕೇಳಬಹುದು; ಒಬ್ಬರಿಂದ ಒಂದು ಚುನಾವಣೆಗೆ 1,000 ಡಾಲರಿನವರೆಗೆ ಪಡೆಯಬಹುದು. ಯಾರು ಕೊಟ್ಟರೆಂದು ಅಭ್ಯರ್ಥಿ ತಿಳಿದುಕೊಳ್ಳಬಹುದು, ಕೊಟ್ಟವರಿಗೆ ಕೃತಜ್ಞತಾ ಪತ್ರವನ್ನೂ ಬರೆಯಬಹುದು. ಹಾಗಾದರೆ ಕೇಳುವುದನ್ನಷ್ಟೇ ತಡೆದು ಏನು ಸಾಧಿಸಿದಂತಾಯಿತು ಎಂಬ ಯೂಲಿಯವರ ಪರದ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ನನ್ನ ಉತ್ತರ ಇಷ್ಟೇ: ನಾಳೆ ನಿಮ್ಮ ಮೊಕದ್ದಮೆಯನ್ನು ಕೇಳಬಹುದಾದ ವ್ಯಕ್ತಿ ಇಂದು ನಿಮ್ಮ ಮುಖ ನೋಡಿ ಹಣ ಕೇಳಿದರೆ ಇಲ್ಲವೆನ್ನುವ ಧೈರ್ಯ ನಿಮಗಿರುವುದಿಲ್ಲ. ಸಮಿತಿಯವರ ಫೋನಿಗೆ ‘ನೋಡೋಣ’ ಎಂದು ಹೇಳಿ ಜಾರಿಕೊಳ್ಳಬಹುದು. ತಡೆಗೋಡೆ ತೆಳುವಾದುದೇ, ಆದರೂ ಸಣ್ಣ ವಕೀಲನಿಗೆ ಅಷ್ಟರ ಮರೆಯಾದರೂ ಸಿಗುತ್ತದೆ.

ಕರ್ನಾಟಕದಿಂದ ಬಂದ ನಮಗೆ ಇದೆಲ್ಲ ವಿಚಿತ್ರವಾಗಿ ಕಾಣುವುದು ಸಹಜ. ಸಂವಿಧಾನದ 233ನೇ ವಿಧಿಯಂತೆ ಏಳು ವರ್ಷ ವಕೀಲಿಕೆ ಮಾಡಿದವರು ಜಿಲ್ಲಾ ನ್ಯಾಯಾಧೀಶರಾಗಬಹುದು, ಆದರೆ ಅವರು ಹೈಕೋರ್ಟ್ ನಡೆಸುವ ಲಿಖಿತ ಪರೀಕ್ಷೆ, ಸಂದರ್ಶನ ದಾಟಿ ಬರಬೇಕು. ಜಿಲ್ಲಾ ನ್ಯಾಯಾಧೀಶರ ಹುದ್ದೆಗಳಲ್ಲಿ ಶೇ. 25ರಷ್ಟು ಹೀಗೆ ನೇರ ನೇಮಕಾತಿಗೆ ಮೀಸಲು. ನಮ್ಮ ವಕೀಲರ ಸಂಘಗಳ ಚುನಾವಣೆಯ ಬ್ಯಾನರುಗಳನ್ನೂ ಬಾಡೂಟಗಳನ್ನೂ ಕಂಡವರು, ನ್ಯಾಯಾಧೀಶರ ಹುದ್ದೆಗೂ ಇದೇ ಬಂದಿದ್ದರೆ ಏನು ಗತಿ ಎಂದು ನಿಟ್ಟುಸಿರು ಬಿಟ್ಟಾರು. ನಾನೂ ನಮ್ಮ ಪದ್ಧತಿಯನ್ನು ಬದಲಿಸಿ ಎನ್ನುವುದಿಲ್ಲ. ಆದರೆ ಪರೀಕ್ಷೆ ಅಳೆಯುವುದು ಕಾನೂನಿನ ತಿಳಿವಳಿಕೆಯನ್ನು. ಎದುರು ನಿಂತ ಬಡ ಕಕ್ಷಿದಾರನ ಜೊತೆ ಅಭ್ಯರ್ಥಿ ಹೇಗೆ ಮಾತಾಡುತ್ತಾರೆ ಎಂಬುದಕ್ಕೆ ಅಲ್ಲಿಯೂ ಅಂಕವಿಲ್ಲ.

ಇಲ್ಲಿ ಆ ಅಂಕ ಕೊಡುವ ಅವಕಾಶ ಇದೆ, ಆದರೆ ಅದೂ ಎಷ್ಟೋ ಬಾರಿ ಕೈಗೆ ಬರುವುದಿಲ್ಲ. ಎದುರಾಳಿಯೇ ಇಲ್ಲದಿದ್ದರೆ ಅಭ್ಯರ್ಥಿಯ ಹೆಸರನ್ನು ಮತಪತ್ರದಲ್ಲಿ ಅಚ್ಚು ಹಾಕುವುದೇ ಇಲ್ಲ; ಅವರು ತಮಗೆ ತಾವೇ ಮತ ಹಾಕಿಕೊಂಡಂತೆ ಭಾವಿಸತಕ್ಕದ್ದು ಎಂದು ರಾಜ್ಯದ ಕಾನೂನು ಗಂಭೀರವಾಗಿಯೇ ಹೇಳುತ್ತದೆ! ಹಾಲಿ ನ್ಯಾಯಾಧೀಶರ ವಿರುದ್ಧ ನಿಂತು ಸೋತ ವಕೀಲ ಮರುದಿನ ಅದೇ ನ್ಯಾಯಾಧೀಶರ ಮುಂದೆ ಕಡತ ಹಿಡಿದು ನಿಲ್ಲಬೇಕಾಗಿ ಬರಬಹುದು, ಆದ್ದರಿಂದ ಹೆಚ್ಚಿನವರು ಆ ಗೋಜಿಗೇ ಹೋಗುವುದಿಲ್ಲ. ಹಾಗಿದ್ದೂ ವಾರ್ಷಿಕ ಸಂಬಳದ ಶೇ. 4ರಷ್ಟನ್ನು ಶುಲ್ಕವಾಗಿ ಕಟ್ಟಿ ಒಬ್ಬರು ನಿಂತರೆಂದರೆ, ಅವರು ಯಾರೆಂದು ನೋಡುವಷ್ಟಾದರೂ ಸೌಜನ್ಯ ನಮ್ಮಲ್ಲಿರಬೇಕು. ವಿಚಾರಣೆಗಳು ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲಿ ನಡೆಯುತ್ತವೆ, ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತು ಹಾಲಿ ನ್ಯಾಯಾಧೀಶರನ್ನು ನೋಡಬಹುದು. ಸ್ಪರ್ಧೆಗಿಳಿದ ವಕೀಲರ ಬಗ್ಗೆ ಅವರ ಸ್ನೇಹಿತರನ್ನಲ್ಲ, ಅವರೆದುರು ವಾದಿಸಿ ಸೋತವರನ್ನು ಕೇಳಬೇಕು: ಕೊಟ್ಟ ಮಾತಿಗೆ ನಿಲ್ಲುತ್ತಾರೆಯೇ, ದಾಖಲೆ ಮುಚ್ಚಿಡುತ್ತಾರೆಯೇ, ಗುಮಾಸ್ತರ ಮೇಲೆ ರೇಗುತ್ತಾರೆಯೇ? ಫ್ಲೋರಿಡಾ ಬಾರ್‌ನ ದಾಖಲೆಯಲ್ಲಿ ಶಿಸ್ತುಕ್ರಮವೇನಾದರೂ ಇದೆಯೇ ಎಂಬುದನ್ನು ಮನೆಯಿಂದಲೇ ನೋಡಬಹುದು.

ಇನ್ನೊಂದು ವಿಷಯವನ್ನು ಇಲ್ಲಿನ ಕನ್ನಡಿಗರಿಗೆ ಒತ್ತಿ ಹೇಳಬೇಕಾಗಿದೆ. ಪೌರತ್ವ ಪಡೆದ ನಮ್ಮಲ್ಲಿ ಅನೇಕರು ಯಾವ ಪಕ್ಷಕ್ಕೂ ಸೇರದೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿರುತ್ತೇವೆ. ಫ್ಲೋರಿಡಾದಲ್ಲಿ ಪಕ್ಷಗಳ ಪ್ರಾಥಮಿಕ ಚುನಾವಣೆಯಲ್ಲಿ ಆಯಾ ಪಕ್ಷದವರಷ್ಟೇ ಮತ ಹಾಕಬಹುದಾದ್ದರಿಂದ, ಆಗಸ್ಟ್ ತಿಂಗಳ ಮತದಾನ ತಮಗಲ್ಲವೆಂದು ಸುಮ್ಮನಾಗುತ್ತೇವೆ. ನ್ಯಾಯಾಧೀಶರ ಮತ್ತು ಶಾಲಾ ಮಂಡಳಿಯ ಸ್ಪರ್ಧೆಗಳು ಪಕ್ಷರಹಿತವಾದವು, ಅವು ಅದೇ ಆಗಸ್ಟ್ ಮತಪತ್ರದಲ್ಲಿ ಪಟ್ಟಿಯಲ್ಲಿರುವ ಎಲ್ಲರಿಗೂ ತೆರೆದಿರುತ್ತವೆ. ಇಬ್ಬರೇ ಅಭ್ಯರ್ಥಿಗಳಿದ್ದರೆ ಆರು ವರ್ಷಗಳ ಅವಧಿಗೆ ಯಾರು ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ, ನವೆಂಬರ್‌ನ ಸಾರ್ವತ್ರಿಕ ಚುನಾವಣೆಗೆ ಏನೂ ಉಳಿದಿರುವುದಿಲ್ಲ.