ಒಡ್ಡಿಗೆಂದೇ ತೆರಿಗೆ, ಒಡ್ಡಿಗೆಂದೇ ಮತ

ನಾನು ವಾಸಿಸುವ, ನೆದರ್‌ಲೆಂಡ್ಸ್‌ನ ಲೈಡನ್ ನಗರದ ಸುತ್ತಲಿನ ನೆಲದ ಬಹುಪಾಲು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅದನ್ನು ಕಾಯುವ ಹೊಣೆ ರೈನ್‌ಲಾಂಡ್ ಎಂಬ ಜಲಮಂಡಳಿಯದು. 1255ರಲ್ಲೇ ಅದಕ್ಕೆ ದೊರೆಯ ಮನ್ನಣೆ ಸಿಕ್ಕಿತ್ತು. ನೆದರ್‌ಲೆಂಡ್ಸ್‌ನಲ್ಲಿ ಇಂಥ 21 ಮಂಡಳಿಗಳಿವೆ. ನಲ್ಲಿ ನೀರು ಕೊಡುವುದು ಅವುಗಳ ಕೆಲಸವಲ್ಲ. ಒಡ್ಡು, ಕಾಲುವೆ, ಪಂಪುಗಳನ್ನು ನೋಡಿಕೊಳ್ಳುತ್ತವೆ, ಕೊಳಚೆ ನೀರನ್ನು ಶುದ್ಧಗೊಳಿಸುತ್ತವೆ. ಅದಕ್ಕೆ ಬೇಕಾದ ತೆರಿಗೆಯನ್ನು ತಾವೇ ವಿಧಿಸುತ್ತವೆ. ಹೊಲವಿದ್ದವರು ಮಾತ್ರವಲ್ಲ, ಬಾಡಿಗೆ ಮನೆಯಲ್ಲಿರುವವರೂ ಅದನ್ನು ಕಟ್ಟುತ್ತಾರೆ. ಮಂಡಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಡಚ್ ಪೌರತ್ವವಿಲ್ಲದ ನನ್ನಂಥವರಿಗೂ ಅಲ್ಲಿ ಮತವಿದೆ, ಅದೇ ದಿನ ನಡೆಯುವ ಪ್ರಾಂತ್ಯದ ಚುನಾವಣೆಯಲ್ಲಿ ಇಲ್ಲ. ಒಡ್ಡು ಒಡೆದರೆ ಮುಳುಗುವವರಿಗೆಲ್ಲ ಅದರ ಮೇಲೆ ಹಕ್ಕಿದೆ ಎಂಬ ಈ ನಿಲುವು ನನಗೆ ತುಂಬಾ ಹಿಡಿಸಿದೆ.

ಸ್ಥಳೀಯರಿಗೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 1953ರ ಫೆಬ್ರುವರಿ 1ರ ಪ್ರವಾಹದಲ್ಲಿ ಈ ದೇಶದಲ್ಲಿ 1,836 ಜನ ಸತ್ತರು. ಆಗ ಮಂಡಳಿಗಳು ಎರಡೂವರೆ ಸಾವಿರದಷ್ಟಿದ್ದವು. ಪುಟ್ಟ ಮಂಡಳಿಗಳಿಗೆ ಒಡ್ಡು ಎತ್ತರಿಸುವ ಶಕ್ತಿಯೇ ಇರಲಿಲ್ಲ. ಅವುಗಳನ್ನು ಒಂದುಗೂಡಿಸುತ್ತ ಇಂದಿನ ಸಂಖ್ಯೆಗೆ ತಂದರು. ಈಗ ಮುಖ್ಯ ಒಡ್ಡುಗಳ ಬಲವರ್ಧನೆಗೆ ಅರ್ಧ ಹಣ ಕೇಂದ್ರ ಸರ್ಕಾರದ್ದು, ಶೇ. 40 ಎಲ್ಲ ಮಂಡಳಿಗಳೂ ಸೇರಿ ಹಾಕುವುದು, ಉಳಿದ ಶೇ. 10 ಆಯಾ ಮಂಡಳಿಯದು. ತನ್ನ ಕಿಸೆಯಿಂದಲೂ ಹೋಗುವುದರಿಂದ ಯಾವ ಮಂಡಳಿಯೂ ಅನಗತ್ಯ ಕಾಮಗಾರಿ ಕೇಳುವುದಿಲ್ಲ. ಹುಲ್ಲು ಕತ್ತರಿಸುವುದು, ಹೆಗ್ಗಣದಂಥ ಪ್ರಾಣಿಗಳು ಕೊರೆದ ಬಿಲ ಮುಚ್ಚುವುದು ಮುಂತಾದ ನಿತ್ಯದ ಕೆಲಸಗಳಿಗೆ ಮಂಡಳಿಯ ಸ್ವಂತ ತೆರಿಗೆಯೇ ಆಧಾರ. ಶಾಲೆ, ಆಸ್ಪತ್ರೆಗಳ ಹೊಣೆ ಅದಕ್ಕಿಲ್ಲದ ಕಾರಣ ಆ ಹಣ ಅತ್ತ ಹರಿಯುವ ಪ್ರಶ್ನೆಯೇ ಇಲ್ಲ. 2003ರ ಆಗಸ್ಟ್‌ನಲ್ಲಿ ವಿಲ್ನಿಸ್ ಊರಿನ ಒಡ್ಡು ಬರಗಾಲಕ್ಕೆ ಒಣಗಿ ಹಗುರಾಗಿ ಜಾರಿತು. ಅಂಥ ಒಡ್ಡುಗಳ ಮೇಲೆ ಈಗ ಒಣ ಬೇಸಿಗೆಯಲ್ಲೂ ಬಿರುಕು ಹುಡುಕುತ್ತ ತಪಾಸಣೆಯವರು ನಡೆದಾಡುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದ ಸುದ್ದಿಯನ್ನು ನಾನು ಇಲ್ಲಿ ಕುಳಿತು ಓದಿದೆ. ಅದೂ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು. ಹರಿಯುವ ನೀರಿನ ನಡುವೆಯೇ ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ ತಂತ್ರಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರಿಗೆ ನಾಡು ಋಣಿ. ಆದರೆ ಹಳೆಯ ಚೈನನ್ನು ಬದಲಿಸಬೇಕೆಂದು ಹಿಂದಿನ ವರ್ಷಗಳಲ್ಲಿ ಪಟ್ಟು ಹಿಡಿಯಬೇಕಾಗಿದ್ದವರು ಯಾರು? ಆ ಅಣೆಕಟ್ಟನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯಲ್ಲಿ ಕುಳಿತವರು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಪ್ರತಿನಿಧಿಗಳು. ಅದರ ನೀರನ್ನು ನಂಬಿದ ಸಿಂಧನೂರಿನ ರೈತನ ಮತ ಅಲ್ಲಿಗೆ ತಲುಪುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತಪಾಸಣೆಯನ್ನೂ ನಿರ್ವಹಣೆಯ ಹಣವನ್ನೂ ಕಡ್ಡಾಯ ಮಾಡಿದೆ, ಒಳ್ಳೆಯದು. ಆದರೂ ಆ ಕಾಯ್ದೆಯಲ್ಲಿ ಲೆಕ್ಕ ಕೇಳುವುದು ಸರ್ಕಾರವೇ, ಒಪ್ಪಿಸುವುದೂ ಬಹುತೇಕ ಸರ್ಕಾರವೇ.

ನಮ್ಮ ಅಣೆಕಟ್ಟಿಗೂ ನೀರು ಬಳಸುವವರೇ ಕರ ಕಟ್ಟಲಿ, ಅವರಿಗೇ ಮತವಿರಲಿ ಎಂದರೆ, ಬೆಳೆ ಕೈಕೊಟ್ಟ ರೈತನ ಮೇಲೆ ಇನ್ನೊಂದು ಕರವೇ ಎಂದು ಕೇಳುವವರಿದ್ದಾರೆ. ಹೊರೆ ರೈತನೊಬ್ಬನ ಮೇಲೆಯೇ ಬೀಳಬೇಕಿಲ್ಲ. ಅಣೆಕಟ್ಟಿನ ನೀರು ಬಳಸುವ ಬಳ್ಳಾರಿಯ ಮನೆಗಳೂ ಕಾರ್ಖಾನೆಗಳೂ ಪಾಲು ಕೊಡಲಿ, ಕಾರ್ಖಾನೆಗಳು ಹೆಚ್ಚು ಕೊಡಲಿ. ಆ ಹಣ ರಾಜ್ಯದ ಬೊಕ್ಕಸಕ್ಕೆ ಹೋಗದೆ ಗೇಟು, ಕಾಲುವೆ, ತೂಬುಗಳ ನಿರ್ವಹಣೆಯ ಪ್ರತ್ಯೇಕ ಖಾತೆಯಲ್ಲಿ ಇರಲಿ. ನಮ್ಮಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು ಈಗಾಗಲೇ ಇವೆ. ಅವು ಆರಿಸಿದ ಕೆಲವರಾದರೂ ಮಂಡಳಿಯ ಸಭೆಯಲ್ಲಿ ಮತದ ಹಕ್ಕಿನೊಂದಿಗೆ ಕೂರಬೇಕು. ಪ್ರತಿ ಗೇಟಿನ ತಪಾಸಣಾ ವರದಿ ಮುಂಗಾರಿಗೆ ಮೊದಲೇ ಕನ್ನಡದಲ್ಲಿ ಅಚ್ಚಾಗಿ, ಕಾಲುವೆ ಬದಿಯ ಪ್ರತಿ ಗ್ರಾಮ ಪಂಚಾಯಿತಿಯ ಕಚೇರಿಗೂ ಬರಬೇಕು.