ಮ್ಯಾಟ್ ಮೇಸನ್‌ಗೆ 2038 ಯಾಕ್ರೀ ಬೇಕು?

ಈಗಷ್ಟೇ ಟಾಯ್ ಶೋದಿಂದ ವಾಪಸ್ ಬಂದೆ, ಶೂ ಕೂಡ ಬಿಚ್ಚಿಲ್ಲ, ತಲೆ ಮೊಸರುಗಡಿಗೆ ಆಗಿದೆ, ಅದಕ್ಕೇ ಬರೀತಿದೀನಿ. ಹಳೇ ಆಟಿಕೆಗಳ ಬಗ್ಗೆ ನನ್ನ ಹುಚ್ಚು ಗೊತ್ತಿರೋರಿಗೆ ಗೊತ್ತು. ಗೊತ್ತಿಲ್ಲದೋರು ಸ್ಕ್ರೋಲ್ ಮಾಡ್ಕೊಂಡು ಮುಂದೆ ಹೋಗಿ, ಬೇಜಾರಿಲ್ಲ.

ಒಂದು ಟೇಬಲ್ ಮೇಲೆ ಒಬ್ಬ ಮಹಾಶಯ ಮೇಜರ್ ಮ್ಯಾಟ್ ಮೇಸನ್ ಸೆಟ್ಟನ್ನ ಹೆಚ್ಚುಕಮ್ಮಿ ಪೂರ್ತಿ ಜೋಡಿಸಿಟ್ಟಿದ್ದ. ಬಾರ್ಬಿ ಮಾಡ್ತಾರಲ್ಲ ಮ್ಯಾಟೆಲ್‌ನೋರು, ಅವರೇ 60ರ ದಶಕದಲ್ಲಿ, ಇನ್ನೂ ಯಾರೂ ಚಂದ್ರನ ಮೇಲೆ ಕಾಲಿಡದೇ ಇರೋವಾಗ ಬಿಟ್ಟಿದ್ದು. ಆರಿಂಚಿನ ಗಗನಯಾತ್ರಿ, ಮೈಯೆಲ್ಲ ರಬ್ಬರು, ಒಳಗೆ ತಂತಿ, ಮೊಣಕಾಲು ಮೊಣಕೈ ಹತ್ರ ಹಾರ್ಮೋನಿಯಂ ತಿದಿ ಥರ ಮಡಿಕೆ. ಹುಡುಗರು ಮಡಚಿ ಮಡಚಿ ಒಳಗಿನ ತಂತಿ ಮುರಿದು, ಈಗ ಸಿಗೋ ಪೀಸ್‌ಗಳಲ್ಲಿ ಬಹಳಷ್ಟಕ್ಕೆ ಒಂದು ಕೈಯೋ ಕಾಲೋ ಜೋತಾಡ್ತಿರುತ್ತೆ. ನನ್ ಹತ್ರ ಇರೋದೂ ಕುಂಟನೇ.

ಸರಿ, ಜೊಲ್ಲು ಸುರಿಸ್ಕೊಂಡು ಹತ್ರ ಹೋದೆ. ಟೇಬಲ್ ಉದ್ದಕ್ಕೂ ಒಂದು ಕಪ್ಪು ಬ್ಯಾನರು, ಅದರ ತುಂಬ ಆ ಬೊಂಬೆಗಳಿಗೆ ತಾನೇ ಕಟ್ಟಿದ ಕಥೆಯ ಇಸವಿ. 2038ರಲ್ಲಿ ಚಂದ್ರನ ಮೇಲೆ ಠಾಣೆಯಂತೆ. 2044ರಲ್ಲಿ ಸ್ಪೇಸ್ ಕ್ರಾಲರ್ ಅನ್ನೋ ಗಾಡಿ ಬಂತಂತೆ. 2112ರಲ್ಲಿ ಅನ್ಯಗ್ರಹದವರ ಮೊದಲ ಭೇಟಿ, ಅಲ್ಲಿ ಪಾಪ ಸೆಟ್ಟಿನ ಅನ್ಯಗ್ರಹದ ಬೊಂಬೆ ಕ್ಯಾಲಿಸ್ಟೋ, ಅದೇ ನೇರಳೆ ಮೈ, ಗಾಜಿನ ಥರ ಹಸಿರು ತಲೆ, ಮದುವೆ ಮನೇಲಿ ಗುರುತಿಲ್ಲದ ನೆಂಟನ ಹಾಗೆ ಒಂದು ಮೂಲೇಲಿ ನಿಂತಿದ್ದ. (ಗುರುಗ್ರಹದ ಚಂದ್ರನ ಹೆಸರು ಇಟ್ಟು ಮ್ಯಾಟೆಲ್‌ನೋರು ಇವನು ಗುರುಗ್ರಹದವನು ಅಂತ ಮಾರಿದ್ರು. ಮಾಡಿದೋರಿಗೇ ಅಷ್ಟು ಲೆಕ್ಕಾಚಾರ ಇರ್ಲಿಲ್ಲ, ಈ ಟೇಬಲ್ ಮಹಾಶಯನಿಗ್ಯಾಕೆ?)

ಅಷ್ಟಕ್ಕೇ ಬಿಟ್ಟಿದ್ರೆ ನಾನೂ ಸುಮ್ನೆ ಇರ್ತಿದ್ದೆ. ಮ್ಯಾಟ್‌ನ ಜೊತೆಗಾರ ಬೊಂಬೆ ಸಾರ್ಜೆಂಟ್ ಸ್ಟಾರ್ಮ್‌ನ ಕೆಂಪು ಸೂಟಿಗೆ ಬೂದು ಬಣ್ಣ ಬಳಿದಿದಾನೆ! ಯಾಕಪ್ಪಾ ಅಂದ್ರೆ, ಕೆಂಪು ರಿಯಲಿಸ್ಟಿಕ್ ಅಲ್ವಂತೆ, 2038ಕ್ಕೆ ಹೊಂದಲ್ವಂತೆ. ರಬ್ಬರ್ ಮೇಲೆ ಬಣ್ಣ ನಿಲ್ಲುತ್ತಾ? ಮೊಣಕಾಲಿನ ಮಡಿಕೇಲಿ ಚಕ್ಕೆ ಎದ್ದು ಒಳಗಿಂದ ಕೆಂಪು ಇಣುಕ್ತಿತ್ತು. ನಂಗೆ ಹೊಟ್ಟೆ ಉರಿದುಹೋಯ್ತು.

ಜೆಫ್ ಲಾಂಗ್ ಅನ್ನೋ ಬೊಂಬೆಯನ್ನ ಮಾತ್ರ 2051ಕ್ಕೆ ತಳ್ಳಿಬಿಟ್ಟಿದ್ದ, ಕಮಾಂಡರ್ ಅಂತ ಬಡ್ತಿ ಬೇರೆ. ಅಲ್ಲಾ ಸ್ವಾಮಿ, ಆ ಜೆಫ್ ಲಾಂಗ್ ಕಪ್ಪು ಗಗನಯಾತ್ರಿ, ಅವನು ಅಂಗಡಿಗೆ ಬಂದಿದ್ದು 60ರ ದಶಕದಲ್ಲಿ! ಅಮೆರಿಕ ನಿಜವಾಗಿ ಒಬ್ಬ ಕಪ್ಪು ಮನುಷ್ಯನ್ನ, ಗಯನ್ ಬ್ಲೂಫರ್ಡ್‌ನ, ಬಾಹ್ಯಾಕಾಶಕ್ಕೆ ಕಳಿಸಿದ್ದು 1983ರಲ್ಲಿ. ಅಂದ್ರೆ ಹತ್ತು ಹನ್ನೆರಡು ವರ್ಷದ ಮೇಲೇ ಆಟಿಕೆ ಅಂಗಡಿ ನಾಸಾಗಿಂತ ಮುಂದಿತ್ತು. ಆ ಬೊಂಬೆಯ ಇಡೀ ಗಮ್ಮತ್ತು ಇರೋದೇ ಅದರ ಇಸವೀಲಿ. ಅದನ್ನ ಅಳಿಸಿ 2051 ಅಂತ ಚೀಟಿ ಅಂಟಿಸಿದ್ರೆ ಇನ್ನೇನ್ ಉಳೀತು? 2051ರಲ್ಲಿ ಕಪ್ಪು ಕಮಾಂಡರ್ ಇದ್ರೆ ಅದೇನ್ ದೊಡ್ಡ ಸುದ್ದೀನಾ?

ನಂಗೊತ್ತು, ಈಗ ಒಬ್ರು ಬರ್ತಾರೆ, "ಅಯ್ಯೋ ಬಿಡಿ ಸಾರ್, ಅದೂ ಒಂದು ಆಟ ತಾನೇ, ಮಕ್ಕಳು ಕಥೆ ಕಟ್ಟಲ್ವಾ, ಅವರೂ ಕಟ್ಟಿದಾರೆ" ಅಂತ. ಸರಿ, ಒಪ್ದೆ, ಅರ್ಧ ನಿಮಿಷ ಒಪ್ದೆ. ಆದ್ರೆ ಮಕ್ಕಳ ಕಥೇಲಿ ಎಲ್ಲರಿಗೂ ಜಾಗ ಇರುತ್ತೆ ಕಣ್ರೀ. ಈ ಮಹಾಶಯನ ಕಥೇಲಿ ಅದೇ ಸೆಟ್ಟಿನ ದೀಪ ಹತ್ತೋ ಬೊಂಬೆ ಕ್ಯಾಪ್ಟನ್ ಲೇಜರ್‌ಗೆ ಜಾಗ ಇಲ್ಲ! ಎಲ್ಲಿ ಅವನು ಅಂತ ಕೇಳಿದ್ರೆ ಟೇಬಲ್ ಕೆಳಗಿನ ರಟ್ಟಿನ ಡಬ್ಬ ತೋರಿಸ್ದ. ಯಾಕೆ? ಅವನು ಹನ್ನೆರಡು ಇಂಚು, ಮ್ಯಾಟ್ ಮೇಸನ್ ಆರಿಂಚು, ಸ್ಕೇಲ್ ಕೂರಲ್ಲ. ಅರವತ್ತರ ದಶಕದ ಹುಡುಗ ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿ, ಇವನು ದೈತ್ಯ, ನಡೀರಿ ಅಂತ ಆಟ ಮುಂದುವರಿಸ್ತಿದ್ದ, ಮುಗೀತು.

ಈಗ ಒಂದು ತಪ್ಪೊಪ್ಪಿಗೆ, ನಗಬೇಡಿ. 2020ರ ಲಾಕ್‌ಡೌನಲ್ಲಿ ನಾನೂ ಈ ಬೊಂಬೆಗಳಿಗೆ ಇಂಥದೇ ಇಸವಿ ಪಟ್ಟಿಯ ಎಕ್ಸೆಲ್ ಶೀಟ್ ಮಾಡಿದ್ದೆ. ಮೂರು ವಾರ. 1972ರ ಡಿಸೆಂಬರಲ್ಲಿ ಚಂದ್ರನ ಮೇಲೆ ಮನುಷ್ಯರನ್ನ ಇಳಿಸಿದ ಅಪೊಲೊ 17 ಕೊನೆಯದಾಗದೇ ಹೋಗಿದ್ರೆ ಅನ್ನೋದ್ರಿಂದ ಶುರು ಮಾಡಿ, ಬಣ್ಣ ಬಣ್ಣದ ಕಾಲಮ್ಮು, ಗುರುಗ್ರಹದವರ ಜೊತೆ ಒಪ್ಪಂದ, ಎಲ್ಲಾ. ನಂಗೂ ಕ್ಯಾಪ್ಟನ್ ಲೇಜರ್ ಹತ್ರಾನೇ ಗಾಡಿ ನಿಂತಿದ್ದು. ರೋಬೋಟ್ ಅಂತ ಬರೆದೆ, ಅಳಿಸಿದೆ, ಬೇರೆ ಗ್ರಹ ಅಂತ ಬರೆದೆ, ಅಳಿಸಿದೆ. ಆಗ ನನ್ ಹೆಂಡತಿ ಹಿಂದಿಂದ ಬಂದು, "ರೀ, ಅಷ್ಟು ಕಷ್ಟ ಆದ್ರೆ ಬೊಂಬೆ ಮೆಟ್ಟಿಲಲ್ಲಿ ಕೂರಿಸಿ, ಅಲ್ಲಿ ಯಾರೂ ಏನೂ ಕೇಳಲ್ಲ" ಅಂದ್ಲು.

ಕೂರಿಸಿದ್ವಿ! ಆ ದಸರಾಕ್ಕೆ ನ್ಯೂಜೆರ್ಸಿ ಮನೇಲಿ, ಮೇಲ್ಮೆಟ್ಟಿಲಲ್ಲಿ ಅಮ್ಮ ಕೊಟ್ಟ ಪಟ್ಟದ ಬೊಂಬೆ, ಕೆಳಗೆ ದಶಾವತಾರ, ಅದರ ಕೆಳಗೆ ಮೈಸೂರು ಪೇಟದ ಸೆಟ್ಟಿ ಅಂಗಡಿ ಪಕ್ಕದಲ್ಲಿ ನಮ್ಮ ಕುಂಟ ಮ್ಯಾಟ್ ಮೇಸನ್. ಸೆಟ್ಟಿ ಮುಂದೆ ಅಕ್ಕಿ ಬೇಳೆ ಗುಡ್ಡೆ ಹಾಕಿತ್ತು, ಹೆಲ್ಮೆಟ್ ಹಾಕ್ಕೊಂಡು ರೇಷನ್‌ಗೆ ನಿಂತ ಹಾಗಿದ್ದ. ಕೋಸಂಬರಿ ತಿನ್ನೋಕೆ ಬಂದ ಹೆಂಗಸರು "ಇದ್ಯಾರು, ಚೆನ್ನಾಗಿದಾನೆ" ಅಂದ್ರೇ ಹೊರತು ಯಾವ ಇಸವಿ ಅಂತ ಒಬ್ರೂ ಕೇಳ್ಲಿಲ್ಲ. ದಶಾವತಾರದಲ್ಲಿ ಕ್ರಮ ಇದೆಯಲ್ಲ ಅಂತೀರಾ? ಇದೆ. ಮತ್ಸ್ಯದಿಂದ ಶುರು. ಆದ್ರೆ ಇನ್ನೂ ಬಂದೇ ಇರದ ಕಲ್ಕಿ ಕೂಡ ಕೊನೇಲಿ ಕುದುರೆ ಹತ್ತಿ ರೆಡಿಯಾಗಿ ಕೂತಿರ್ತಾನೆ, ಅವನಿಗೆ ನಮ್ಮಮ್ಮ ಯಾವತ್ತೂ ಚೀಟಿ ಅಂಟಿಸಿಲ್ಲ.

ಅಂದಹಾಗೆ ಆ ಟೇಬಲ್ ಕೆಳಗಿನ ಡಬ್ಬದಿಂದ ಲೇಜರ್‌ನ ನಾನೇ ಎತ್ಕೊಂಡು ಬಂದೆ. ದೀಪ ಹತ್ತಲ್ಲ ಅಂತ ಕಮ್ಮಿಗೇ ಕೊಟ್ಟ. ಎಷ್ಟು ಅಂತ ಕೇಳ್ಬೇಡಿ, ಮನೇಲೂ ಹೇಳಿಲ್ಲ. ಬ್ಯಾಟರಿ ಹಾಕೋ ಜಾಗದಲ್ಲಿ ಹಸಿರು ಕಿಲುಬು ಕಟ್ಟಿದೆ, ವಿನೆಗರ್‌ನಲ್ಲಿ ಇಯರ್‌ಬಡ್ ಅದ್ದಿ ಉಜ್ತಾ ಉಜ್ತಾನೇ ಇದನ್ನ ಟೈಪ್ ಮಾಡ್ತಿದೀನಿ. ಇನ್ನೂ ಹತ್ತಿಲ್ಲ. ದಸರಾಕ್ಕೆ ಟೈಮಿದೆ.